ಆಗುಂಬೆ ಇಳಿದು, ನಾಗೋಡಿ ಹತ್ತಿ: ಸೈಕಲ್ಲಿನಲ್ಲಿ ಐದು ದಿನ

ಶಿವಮೊಗ್ಗ ಕಡೆಯವರಿಗೆ ಉಡುಪಿ, ಕುಂದಾಪುರ ಅಂದರೆ ‘ಘಟ್ಟದ ಕೆಳಗೆ’. ಅಲ್ಲಿಯವರಿಗೆ ನಾವು ‘ಘಟ್ಟದ ಮೇಲಿನವರು’. ಬಸ್ಸಿನಲ್ಲಿ ನಾನು ಲೆಕ್ಕವಿಲ್ಲದಷ್ಟು ಸಲ ಇಳಿದು ಹತ್ತಿದ್ದೇನೆ. ಈ ಡಿಸೆಂಬರ್ ಮೊದಲ ವಾರ ಅದೇ ದಾರಿಯನ್ನು ಸೈಕಲ್ಲಿನಲ್ಲಿ ಮಾಡಿದೆವು, ನಾನು ಮತ್ತು ನನ್ನ ಭಾಮೈದ. ಆಗುಂಬೆಯಲ್ಲಿ ಇಳಿಯುವುದು, ಮಲ್ಪೆಯಿಂದ ಮರವಂತೆಗೆ ಕಡಲ ಪಕ್ಕ ಹೋಗುವುದು, ಕೊಲ್ಲೂರಿನಿಂದ ನಾಗೋಡಿ ಘಾಟಿ ಹತ್ತಿ, ನಗರ ಅನ್ನುವ ಊರು, ಹೊಸನಗರದ ಮೇಲೆ ಮನೆ ಸೇರುವುದು. ಒಟ್ಟು ಸುಮಾರು 400 ಕಿಲೋಮೀಟರ್. ಉಳಿಯುವ ವ್ಯವಸ್ಥೆಯನ್ನೆಲ್ಲ ಅವನೇ ಫೋನಿನಲ್ಲಿ ಮುಗಿಸಿದ್ದ. ನಾನು ಮಾಡಿದ್ದು ಒಂದೇ ಕೆಲಸ, ಎರಡೂ ಸೈಕಲ್ಲಿಗೆ 32 ಮಿ.ಮೀ. ಅಗಲದ ಟೈರ್ ಹಾಕಿಸಿದ್ದು. ಮಲೆನಾಡಿನ ರಸ್ತೆಗೆ ರೇಸ್ ಸೈಕಲ್ಲಿನ ಸಪೂರ ಟೈರು ತರಬೇಡಿ. ಮಳೆಗಾಲ ಮುಗಿದು ಎರಡು ತಿಂಗಳಾದರೂ ಗುಂಡಿ ಮುಚ್ಚಿರುವುದಿಲ್ಲ.

ಮೊದಲ ದಿನ: ತುಂಗೆಗೆ ಎದುರಾಗಿ

ಬೆಳಿಗ್ಗೆ ಆರಕ್ಕೆ ಇನ್ನೂ ಕತ್ತಲು. ಗಾಜನೂರು ಅಣೆಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಬೆಳಕು ಹರಿಯಿತು. ಹಿನ್ನೀರಿನ ಮೇಲೆ ಮಂಜು ಹಾಸಿತ್ತು, ಕೈಗವಸಿನೊಳಗೂ ಬೆರಳು ಜೋಮು ಹಿಡಿದಿದ್ದವು. ಸಕ್ರೆಬೈಲಿನ ಬಳಿ ಕಾಡಿನ ಕಡೆಯಿಂದ ಸರಪಳಿಯ ಸದ್ದು ಕೇಳಿತು. ರಾತ್ರಿ ಮೇಯಲು ಬಿಟ್ಟ ಬಿಡಾರದ ಆನೆಗಳನ್ನು ಮಾವುತರು ಬೆಳಿಗ್ಗೆ ಹುಡುಕಿ ತರುತ್ತಾರೆ. ಒಂದು ಹೆಣ್ಣಾನೆ, ಅದರ ಹಿಂದೆ ಮರಿ, ರಸ್ತೆ ದಾಟಲು ಬಂದವು.

“ಸೈಕಲ್ ಇಳಿದು ನಿಂತ್ಕಳಿ ಸಾರ್. ಬೆಲ್ ಗಿಲ್ ಹೊಡೀಬೇಡಿ” ಅಂದ ಮೇಲೆ ಕೂತ ಮಾವುತ.

ನಿಂತೆವು. ಮರಿ ಮಾತ್ರ ನಮ್ಮ ಕಡೆ ತಿರುಗಿ, ಸೊಂಡಿಲೆತ್ತಿ ಗಾಳಿ ಮೂಸಿತು. ತಾಯಿ ನಿಲ್ಲದೆ ಮುಂದೆ ನಡೆದ ಮೇಲೆ ಅದೂ ಓಡಿತು. ಅವು ಹೋದ ಮೇಲೆ ಡಾಂಬರಿನ ಮೇಲೆ ಉಳಿದದ್ದು ಇಬ್ಬನಿಯಲ್ಲಿ ನೆಂದ ಹೆಜ್ಜೆಗಳು, ಅದರ ಪಕ್ಕಕ್ಕೇ ಸರಪಳಿ ಎಳೆದ ಒಂದು ಗೆರೆ.

ಮಂಡಗದ್ದೆಯಲ್ಲಿ ಇಡ್ಲಿ ತಿಂದೆವು. ಹೊಳೆ ನಡುವಿನ ದ್ವೀಪದ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಗೂಡು ತುಂಬಿ ಕೊಂಬೆಯೇ ಕಾಣುವುದಿಲ್ಲ. ಈಗ ಮರಗಳು ಖಾಲಿ, ಹಿಕ್ಕೆಯ ಬಿಳಿ ಮಾತ್ರ ಉಳಿದಿತ್ತು. ಮುಂದೆ ಅಲ್ಲಲ್ಲಿ ರಸ್ತೆ ಅಗಲ ಮಾಡುವ ಕೆಲಸ ನಡೆದು ಕೆಂಪು ಧೂಳು. ಟಿಪ್ಪರ್ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಬದಿಗೆ ಸರಿಯಬೇಕಾಯಿತು. ಮೂಗಿಗೆ ಕಟ್ಟಲು ಒಂದು ಒದ್ದೆ ಕರ್ಚೀಫು ಕೈಗೆ ಸಿಗುವ ಹಾಗೆ ಇಟ್ಟುಕೊಂಡರೆ ಒಳ್ಳೆಯದು.

ತೀರ್ಥಹಳ್ಳಿಯಲ್ಲಿ ಹೊಳೆ ಇಳಿದಿತ್ತು. ಕಮಾನು ಸೇತುವೆಯ ಕೆಳಗೆ ಬಂಡೆಗಳು ಮೇಲೆದ್ದಿದ್ದವು. ಊಟದ ಹೋಟೆಲಿನಲ್ಲಿ ಆಗಲೇ ಎಳ್ಳಮಾವಾಸ್ಯೆ ಜಾತ್ರೆಯ ಮಾತು. ಅಲ್ಲಿಂದ ತುಂಗೆ ಶೃಂಗೇರಿಯ ಕಡೆಗೆ, ನಾವು ಮೇಗರವಳ್ಳಿಯ ಕಡೆಗೆ. ಇಲ್ಲಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಇಡೀ ಪ್ರವಾಸದಲ್ಲಿ ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಸಿಗಲಿಲ್ಲ. ಒಂದು ತಿರುವಿನಲ್ಲಿ ಅಡಿಕೆ ತೋಟದ ತಂಪು, ಇನ್ನೊಂದರಲ್ಲಿ ಗದ್ದೆ ಬಯಲಿನ ಬಿಸಿಲು, ಮತ್ತೆ ಹಗಲಲ್ಲೂ ಜೀರುಂಡೆ ಕೂಗುವ ಕಾಡು. ಮೈಮೇಲೆ ಒಂದೊಂದೂ ಬೇರೆಯಾಗಿ ತಿಳಿಯುತ್ತದೆ.

ಶಿವಮೊಗ್ಗ ಇರುವುದು ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ಆಗುಂಬೆ ಸುಮಾರು 650. ಇಡೀ ದಿನ ತೊಂಬತ್ತಕ್ಕೂ ಹೆಚ್ಚು ಕಿಲೋಮೀಟರ್ ತುಳಿದು ನಾವು ಏರಿದ್ದು ಹೆಚ್ಚುಕಮ್ಮಿ 80 ಮೀಟರ್! ನಡುವಿನ ಏರಿಳಿತಕ್ಕೆ ತೊಡೆ ನೋಯುತ್ತಿತ್ತು ನಿಜ. ಆದರೆ ಬೆಟ್ಟ ಹತ್ತಿದೆವು ಅನ್ನುವ ಹಾಗೆ ಎಲ್ಲೂ ಆಗಲಿಲ್ಲ. ಸೂರ್ಯಾಸ್ತ ನೋಡುವ ಕಟ್ಟೆಗೆ ಬಂದು ನಿಂತಾಗ ಮಾತ್ರ ಎದೆ ಝಲ್ಲೆಂದಿತು. ನೆಲ ಅಲ್ಲಿಗೆ ಮುಗಿಯುತ್ತದೆ. ಕೆಳಗೆ ಕಾಡು, ಅದರಾಚೆ ಬಯಲು, ದೂರದಲ್ಲಿ ಕಡಲಿನ ಒಂದು ಹೊಳಪು. ಆಗುಂಬೆಯನ್ನು ಬೆಟ್ಟದ ತುದಿ ಅಂದುಕೊಂಡೇ ನಾನು ಇಷ್ಟು ವರ್ಷ ಕಳೆದಿದ್ದೆ. ಅದು ಮನೆ ಜಗುಲಿಯ ಅಂಚು ಇದ್ದ ಹಾಗಿದೆ.

ರಾತ್ರಿ ಊಟ ಹಾಕಿದ ಮನೆಯ ಅಜ್ಜಿ ಬಿಸಿ ಕಷಾಯ ಕೊಡುತ್ತ ಹೇಳಿದರು: “ಇಲ್ಲಿ ಮಳೆ ಹನಿ ಈಚೆ ಬಿದ್ರೆ ಮಾಲತಿಗೆ, ಅಲ್ಲಿಂದ ತುಂಗೆಗೆ. ಆಚೆ ಬಿದ್ರೆ ಸೀತಾನದಿಗೆ. ಒಂದೇ ಮೋಡದ್ದು ಮಾರಾಯ, ಎರಡು ಕಡಲಿಗೆ ಹೋಗ್ತದೆ.” ಮಾಲತಿಯ ನೀರು ತುಂಗಭದ್ರೆ, ಕೃಷ್ಣೆ ಎಲ್ಲ ಸುತ್ತಿ ಬಂಗಾಳ ಕೊಲ್ಲಿ ಸೇರಬೇಕು. ಸೀತಾನದಿಗೆ ಒಂದು ದಿನದ ಸೈಕಲ್ ದೂರದಲ್ಲೇ ಅರಬ್ಬೀ ಸಮುದ್ರ. ಅಲ್ಲಿ ಬೀಳುವುದೂ ಎಂಥ ಮಳೆ! ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮೇಲೆ. 1946ರ ಆಗಸ್ಟ್ ಒಂದೇ ತಿಂಗಳು 4508 ಮಿ.ಮೀ. ಬಿದ್ದದ್ದು ದಾಖಲೆ. ಅಜ್ಜಿಗೆ ಈ ಅಂಕಿ ಹೇಳಿದರೆ ಆಶ್ಚರ್ಯವೇನೂ ಆಗಲಿಲ್ಲ. “ಬಟ್ಟೆ ಒಣಗಿಸೋರಿಗೆ ಗೊತ್ತು ಅದು” ಅಂದರು.

ಎರಡನೇ ದಿನ: ಹದಿನಾಲ್ಕು ತಿರುವು

ಘಟ್ಟ ಇಳಿಯುವುದಾದರೆ ಬೆಳಿಗ್ಗೆ ಏಳಕ್ಕೆ ಮೊದಲೇ ಇಳಿಯಿರಿ. ಆಗುಂಬೆ ಘಾಟಿಯಲ್ಲಿ ಲಾರಿಯಂಥ ಭಾರಿ ವಾಹನ ಬಿಡುವುದಿಲ್ಲ, ಅದು ಸೈಕಲ್ಲಿನವರ ಪುಣ್ಯ. ಆದರೂ ಹೊತ್ತೇರಿದ ಮೇಲೆ ಕಾರು, ಮಿನಿ ಬಸ್ಸುಗಳ ಸಾಲು ಇರುತ್ತದೆ. ಮಂಜು ಎಷ್ಟಿತ್ತೆಂದರೆ ಮುಂದೆ ಹೊರಟ ಭಾಮೈದನ ಕೆಂಪು ದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಮರದಿಂದ ತೊಟ್ಟಿಕ್ಕಿದ ಇಬ್ಬನಿಗೆ ರಸ್ತೆ ಮಳೆ ಬಂದ ಹಾಗೆ ಒದ್ದೆ.

ನಮ್ಮವು ಚಕ್ರದ ರಿಮ್ಮನ್ನೇ ಹಿಡಿಯುವ ಹಳೇ ಮಾದರಿಯ ಬ್ರೇಕು. ಒಂದೇ ಸಮ ಹಿಡಿದುಕೊಂಡೇ ಇಳಿದರೆ ರಿಮ್ಮು ಕಾದು ಒಳಗಿನ ಟ್ಯೂಬು ಒಡೆಯಬಹುದು. ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಮತ್ತೆ ಬಿಡಬೇಕು. ಭಾಮೈದನಿಗೆ ಇದನ್ನು ಹತ್ತು ಸಲ ಹೇಳಿದ್ದೆ. ಅರ್ಧ ಇಳಿದ ಮೇಲೆ ಅವನ ಹಿಂದೆ ಬರುತ್ತಿದ್ದ ನನಗೇ ರಬ್ಬರ್ ಸುಟ್ಟ ವಾಸನೆ ಬಡಿಯಿತು. ಕೂಗಿ ನಿಲ್ಲಿಸಿದೆ.

“ಏನಿಲ್ಲ ಭಾವ, ಹಿಡೀತಾ ಇದೆ ಇನ್ನೂ.”

ರಿಮ್ಮಿಗೆ ಬೆರಳು ಮುಟ್ಟಿಸಿದವನೇ ಎಳೆದುಕೊಂಡ. ಪ್ಯಾಡು ನೋಡಿದರೆ, ಸವೆತದ ಗುರುತಿಗೆಂದು ಕೊರೆದ ಗೀರು ಎಡಗಡೆ ಪೂರಾ ಅಳಿಸಿಹೋಗಿತ್ತು. ಒದ್ದೆ ರಸ್ತೆಯ ಮರಳು ಸೇರಿ ಒಂದೇ ಇಳಿತದಲ್ಲಿ ತಿಂದುಹಾಕಿದೆ. ಕಾಲು ಗಂಟೆ ಅಲ್ಲೇ ಕೂತೆವು. ಬಿಸಿ ರಿಮ್ಮಿನ ಮೇಲೆ ಬಿದ್ದ ಇಬ್ಬನಿ ಹನಿ ಕಣ್ಣೆದುರೇ ಆವಿಯಾಗುತ್ತಿತ್ತು.

ಕೂತದ್ದರಿಂದ ಸಿಂಗಳೀಕ ಕಂಡಿತು. ಪಶ್ಚಿಮ ಘಟ್ಟ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಪ್ರಾಣಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ. ಮರದ ಮೇಲೆ ಇರಬೇಕಾದದ್ದು ತಡೆಗೋಡೆಯ ಮೇಲೆ ಕೂತು ನಮ್ಮ ಚೀಲವನ್ನೇ ನೋಡುತ್ತಿತ್ತು. ಕಾರು ನಿಲ್ಲಿಸಿ ಚಿಪ್ಸು, ಬಿಸ್ಕತ್ತು ಎಸೆದವರು ಕಲಿಸಿದ ಪಾಠ ಅದು. ಹೀಗೆ ರಸ್ತೆಗಿಳಿದದ್ದು ಒಂದು ದಿನ ಚಕ್ರಕ್ಕೆ ಸಿಕ್ಕುತ್ತದೆ. ದಯವಿಟ್ಟು ಏನನ್ನೂ ಕೊಡಬೇಡಿ, ಸಿಪ್ಪೆಯನ್ನೂ ಬಿಸಾಡಬೇಡಿ. ನಾವು ಬಾಳೆಹಣ್ಣನ್ನು ಚೀಲದ ತಳಕ್ಕೆ ಇಳಿಸಿದೆವು. ಸ್ವಲ್ಪ ಹೊತ್ತು ಕಾದು ಅದು ಕಾಡಿನೊಳಕ್ಕೆ ಜಿಗಿಯಿತು.

ಸೋಮೇಶ್ವರದಲ್ಲಿ ಜಾಕೆಟ್ ಬಿಚ್ಚಿದೆವು. ಹತ್ತು ಕಿಲೋಮೀಟರಿನಲ್ಲಿ ಗಾಳಿಯೇ ಬದಲಾಗಿ ಮೈಗೆ ಅಂಟುತ್ತಿತ್ತು. ಹೆಬ್ರಿಯಲ್ಲಿ ಬನ್ಸು, ಇನ್ನೊಂದು ಪ್ಲೇಟ್ ಬನ್ಸು. ಪೆರ್ಡೂರು, ಹಿರಿಯಡ್ಕದ ದಾರಿ ಇಳಿದು ಬಂದವರಿಗೆ ಮೋಸದ್ದು. ಘಟ್ಟ ಮುಗಿಯಿತು ಅಂದುಕೊಂಡರೆ ಮಣಿಪಾಲದವರೆಗೂ ದಿಣ್ಣೆ ಮೇಲೆ ದಿಣ್ಣೆ. ಉಡುಪಿಯಲ್ಲಿ ಹೊಸ ಪ್ಯಾಡು ಹಾಕಿಸಿಕೊಂಡು ಸಂಜೆ ಮಲ್ಪೆ ಸೇರಿದೆವು. ಬಂದರಿನಲ್ಲಿ ದೋಣಿಗಳು ಒಂದಕ್ಕೊಂದು ತಾಗಿ ನಿಂತಿದ್ದವು, ಬುಟ್ಟಿ ಬುಟ್ಟಿ ಬಂಗುಡೆ ಇಳಿಯುತ್ತಿತ್ತು. ಜೂನ್, ಜುಲೈನ ಯಾಂತ್ರಿಕ ಮೀನುಗಾರಿಕೆ ನಿಷೇಧದ ಎರಡು ತಿಂಗಳು ಈ ಜಾಗ ಹೇಗೆ ಮೌನವಾಗಿರಬಹುದು ಅಂತ ಊಹಿಸಲೂ ಆಗಲಿಲ್ಲ.

ಮೂರನೇ ದಿನ: ಸೀತಾನದಿಯ ಬಾಯಲ್ಲಿ

ಮಲ್ಪೆಯಿಂದ ಕುಂದಾಪುರಕ್ಕೆ ಚತುಷ್ಪಥ ಹೆದ್ದಾರಿ 66 ಇದೆ. ಅದರಲ್ಲಿ ಹೋಗಬೇಡಿ. ಹೂಡೆಯ ಮೇಲೆ ಕೋಡಿ ಬೆಂಗ್ರೆಗೆ ಹೋಗುವ ಸಣ್ಣ ರಸ್ತೆ ಹಿಡಿಯಿರಿ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ತೆಂಗಿನ ಮರ, ಮನೆ, ಅಂಗಳದಲ್ಲಿ ಒಣಗಲು ಹಾಕಿದ ಬಲೆ, ಅಷ್ಟೇ ಅಗಲದ ನೆಲ. ರಸ್ತೆ ಕೊನೆಗೆ ನೀರಿನಲ್ಲೇ ಮುಗಿಯುತ್ತದೆ. ಸ್ವರ್ಣಾ ಮತ್ತು ಸೀತಾ ಒಂದಾಗಿ ಕಡಲು ಸೇರುವ ಅಳಿವೆ ಅದು. ಮೊನ್ನೆ ಅಜ್ಜಿ ಹೇಳಿದ ‘ಆಚೆ ಬಿದ್ದ ಹನಿ’ ಇಲ್ಲಿಗೆ ಬಂದು ಮುಟ್ಟಿತ್ತು. ನೀರು ಕೈಗೆ ತೆಗೆದು ನಾಲಗೆಗೆ ಮುಟ್ಟಿಸಿದೆ. ಉಪ್ಪು. ಭರತದ ಹೊತ್ತು, ಕಡಲು ಒಳಕ್ಕೆ ಬರುತ್ತಿತ್ತು.

ಹಂಗಾರಕಟ್ಟೆಗೆ ದೋಣಿ. ದಡದಲ್ಲಿದ್ದ ಹೆಂಗಸು “ಓಡೆಗ್ ಪೋಪುನಿ?” ಅಂತ ತುಳುವಿನಲ್ಲಿ ಕೇಳಿದರು. ನಾವು ಕನ್ನಡದಲ್ಲಿ ಹೇಳಿದೆವು, ಅವರಿಗೆ ಅರ್ಥವಾಯಿತು. ದೋಣಿಯವರು ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ಅಡ್ಡ ಮಲಗಿಸುವವರಿದ್ದರು. ಗೇರು ಇರುವ ಕಡೆ ಮೇಲೆ ಮಾಡಿ ಅಂತ ಬೇಡಿಕೊಂಡೆ. ಅವರು ಒಂದು ಹಳೇ ಬಲೆಯನ್ನೇ ಮಡಚಿ ಕೆಳಗೆ ಹಾಸಿದರು. ಆಚೆ ದಡದಲ್ಲಿ ಇಳಿಯುತ್ತಿದ್ದಂತೆ ಚಾ ಅಂಗಡಿಯಿಂದ “ಹ್ವಾಯ್, ಎಲ್ಲಿಗ್ ಹೊರಟದ್ದ್?” ಅಂತ ಕುಂದಾಪ್ರ ಕನ್ನಡ! ಒಂದು ಹೊಳೆ ದಾಟಿದ್ದಕ್ಕೆ ಪ್ರಶ್ನೆ ಅದೇ ಇದ್ದು ಭಾಷೆ ಬೇರೆಯಾಗಿತ್ತು. ನನಗೆ ಈ ಪ್ರವಾಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟ ಗಳಿಗೆ ಇದು.

ಸಾಸ್ತಾನದಿಂದ ಹೆದ್ದಾರಿ ತಪ್ಪಿಸಲಾಗಲಿಲ್ಲ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಕೋಟ, ಪಕ್ಕದ ಸಾಲಿಗ್ರಾಮ, ಎಲ್ಲ ಲಾರಿಗಳ ಗಾಳಿಯಲ್ಲೇ ಹಾದುಹೋದವು. ಕುಂದಾಪುರದಲ್ಲಿ ಕೋಳಿ ಸಾರು, ಗರಿಗರಿ ಅಕ್ಕಿ ರೊಟ್ಟಿ ತಿಂದು ಹೊರಟಾಗ ಎರಡೂವರೆ. ಮಾಡಿದ ತಪ್ಪು ಅದೇ. ಬೆಳಿಗ್ಗೆ ನೆಲದಿಂದ ಕಡಲಿಗೆ ಬೀಸುವ ತೆಳುಗಾಳಿ, ಹೊತ್ತು ತಿರುಗಿದ ಮೇಲೆ ಕಡಲಿನಿಂದ ನೆಲಕ್ಕೆ ಜೋರಾಗಿ ತಿರುಗುತ್ತದೆ. ಉತ್ತರಕ್ಕೆ ಹೋಗುವವರಿಗೆ ಎದುರಿನಿಂದ, ಎಡದಿಂದ ಒಟ್ಟಿಗೇ ಹೊಡೆಯುತ್ತದೆ. ಕೆಲವೇ ಕಿಲೋಮೀಟರಿಗೆ ಗಂಟೆಗಿಂತ ಹೆಚ್ಚು ಹಿಡಿಯಿತು. ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಸೌಪರ್ಣಿಕಾ ಕನ್ನಡಿಯ ಹಾಗೆ ನಿಂತಿತ್ತು, ಇನ್ನೊಂದು ಪಕ್ಕ ಕಡಲು ಕಲ್ಲಿಗೆ ಬಡಿದು ನಮ್ಮ ಮುಖಕ್ಕೆ ಹನಿ ಹಾರಿಸುತ್ತಿತ್ತು. ಸೈಕಲ್ ನಿಲ್ಲಿಸಿ ಮರಳಿಗೆ ಇಳಿದೆವು, ಕತ್ತಲಾಗುವವರೆಗೆ ಏಳಲಿಲ್ಲ.

ನಾಲ್ಕನೇ ದಿನ: ತುಂಡಾದ ಚೈನು, ಚೊಗರಿನ ಹಂಡೆ

ಬೈಂದೂರಿನ ಮೇಲೆ ಕೊಲ್ಲೂರು. ದೇವಸ್ಥಾನದಲ್ಲಿ ಸಾಲು ಉದ್ದವಿತ್ತು. ದರ್ಶನ ಮುಗಿಸಿ, ಪ್ರಸಾದದ ಊಟ ಮಾಡಿ, ಘಟ್ಟದ ಬುಡಕ್ಕೆ ಬಂದಾಗ ನೆತ್ತಿ ಸುಡುವ ಬಿಸಿಲು. ಮೂಕಾಂಬಿಕಾ ವನ್ಯಧಾಮದ ಕಾಡಿನ ನೆರಳು ಇರದಿದ್ದರೆ ಆ ಹೊತ್ತಿನಲ್ಲಿ ನಾಗೋಡಿ ಹತ್ತಲು ಆಗುತ್ತಿರಲಿಲ್ಲ. ಮುಂದೆ 34 ಹಲ್ಲು, ಹಿಂದೆ 32 ಹಲ್ಲು, ಇದಕ್ಕಿಂತ ಸುಲಭದ ಗೇರು ನಮ್ಮಲ್ಲಿಲ್ಲ. ನಡೆಯುವವರಿಗಿಂತ ತುಸು ಬೇಗ ಅಷ್ಟೇ.

ಒಂದು ಕಡಿದಾದ ತಿರುವಿನಲ್ಲಿ ಭಾಮೈದ ಎದ್ದು ನಿಂತು ತುಳಿಯುತ್ತಲೇ ಗೇರು ಬದಲಿಸಿದ. ಟಪ್ ಅಂತ ಸದ್ದು, ಚೈನು ಹಾವಿನ ಹಾಗೆ ರಸ್ತೆಗೆ ಬಿತ್ತು. ನೋಡಿದರೆ ಒಂದು ಕೊಂಡಿಯ ಹೊರತಗಡು ಬಾಗಿ ಪಿನ್ನಿನಿಂದ ಬಿಟ್ಟುಕೊಂಡಿದೆ. ಚೈನ್ ಕಳಚುವ ಸಣ್ಣ ಸಾಧನ ನನ್ನ ಚೀಲದಲ್ಲಿತ್ತು. ಕೆಟ್ಟ ಕೊಂಡಿಯನ್ನು ಕೂರಿಸಿ, ತಿರುಪು ತಿರುಗಿಸಿ ಪಿನ್ನನ್ನು ತಳ್ಳಿ, ಆ ಜಾಗಕ್ಕೆ ಕೈಯಲ್ಲೇ ಕೂಡಿಸುವ ಜೋಡಿಕೊಂಡಿ ಹಾಕಿದೆ. ಅದು ಬೆರಳಿನ ಬಲಕ್ಕೆ ಪೂರ್ತಿ ಕೂರುವುದಿಲ್ಲ. ಹಿಂದಿನ ಬ್ರೇಕು ಹಿಡಿದು ಪೆಡಲ್ ಮೇಲೆ ಒಮ್ಮೆ ತುಳಿದರೆ ‘ಟಕ್’ ಅಂತ ಕೂರುತ್ತದೆ. ಉಗುರಿನಷ್ಟು ದೊಡ್ಡ ಆ ಜೋಡಿಕೊಂಡಿ ಇರದಿದ್ದರೆ ಕೊಲ್ಲೂರಿಗೆ ವಾಪಸು ನಡೆಯಬೇಕಿತ್ತು. ಘಟ್ಟಕ್ಕೆ ಬರುವವರು ಎರಡು ಇಟ್ಟುಕೊಳ್ಳಿ.

ಮೇಲೆ ಬಂದು ಸಿಕ್ಕ ಮೊದಲ ಅಂಗಡಿಯಲ್ಲಿ ಕೆಂಪು ಶರಬತ್ತು ಕೊಟ್ಟರು. “ಪುನರ್ಪುಳಿಯಾ?” ಅಂದೆ, ಬೆಳಿಗ್ಗೆ ಬೈಂದೂರಿನಲ್ಲಿ ಕುಡಿದ ನೆನಪಿನಲ್ಲಿ. “ಅದು ಕೆಳಗಿನೋರಿಗೆ. ನಮಗೆ ಮುರುಗಲು” ಅಂದರು ಅಂಗಡಿಯಮ್ಮ. ಹಾಗಾದರೆ ಘಟ್ಟ ಹತ್ತಿ ಆಯಿತು.

ರಾತ್ರಿ ಉಳಿದದ್ದು ನಿಟ್ಟೂರಿನ ಹತ್ತಿರ ಒಂದು ಅಡಿಕೆ ಬೆಳೆಗಾರರ ಮನೆ. ಅಡಿಕೆ ಗೊನೆ ಕೊಯ್ಯುವ ಕಾಲ. ಅಂಗಳದ ಚಪ್ಪರದಡಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುತ್ತಿದ್ದರು, ಹೆಚ್ಚಿನವರು ಹೆಂಗಸರು. ಕಾಯನ್ನು ಕತ್ತಿಗೆ ಒತ್ತಿ ಒಂದು ತಿರುವು, ಸಿಪ್ಪೆ ಈಚೆ, ಅಡಿಕೆ ಬುಟ್ಟಿಗೆ. ಕಣ್ಣು ಕೈಯ ಮೇಲಿಲ್ಲ, ಮಾತಿನ ಮೇಲಿತ್ತು. ನಾನೂ ಕೂತು ನೋಡಿದೆ. ನನ್ನದು ಒಂದಾಗುವಷ್ಟರಲ್ಲಿ ಪಕ್ಕದವರದು ಎಂಟೋ ಒಂಬತ್ತೋ ಆಗಿತ್ತು. ಹಿತ್ತಿಲಲ್ಲಿ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು. ಬೆಂದ ನೀರು ಗಟ್ಟಿಯಾಗಿ ಕಡುಕೆಂಪಾಗುತ್ತದೆ, ಅದೇ ಚೊಗರು. ಅದನ್ನು ಚೆಲ್ಲದೆ ಮುಂದಿನ ಸಲದ ಅಡಿಕೆಗೆ ಬಣ್ಣ ಬರಲು ಬೆರೆಸುತ್ತಾರೆ. ಹೊಗೆ, ಒಗರು, ಒದ್ದೆ ಸಿಪ್ಪೆ ಸೇರಿದ ಆ ವಾಸನೆ ನನ್ನ ಅಜ್ಜನ ಮನೆಯದ್ದು. ಅಲ್ಲಿ ಈಗ ತೋಟವಿಲ್ಲ. ಹಂಡೆಯ ಪಕ್ಕ ಬಹಳ ಹೊತ್ತು ನಿಂತೆ.

ಯಜಮಾನರು ಬ್ಯಾಟರಿ ಹಿಡಿದು ತೋಟದ ಅಂಚಿನ ಒಂದು ಸೋಗೆ ತೋರಿಸಿದರು. ತುಂಬ ಕಂದು ಚುಕ್ಕಿ, ಚುಕ್ಕಿಗಳು ಕೂಡಿಕೊಂಡು ಗರಿಯೇ ಒಣಗಿದೆ. ಎಲೆಚುಕ್ಕಿ ರೋಗ. “ಕೊಳೆ ರೋಗಕ್ಕಾದ್ರೆ ಬೋರ್ಡೋ ದ್ರಾವಣ ಹೊಡೆದು ಕಾಯಿ ಉಳಿಸ್ಕಬಹುದಿತ್ತು. ಇದು ಎಲೆಗೇ ಬರ್ತದಲ್ಲ, ಮರವೇ ಸೊರಗ್ತದೆ. ನಾನೊಬ್ಬ ಔಷಧಿ ಹೊಡೆದ್ರೆ ಸಾಕಾ? ಪಕ್ಕದ ತೋಟದಿಂದ ಗಾಳೀಲಿ ಬರ್ತದೆ” ಅಂದರು. ಮಗ ಬೆಂಗಳೂರಿನಲ್ಲಿದ್ದಾನಂತೆ. ತೋಟ ಮಾಡು ಅಂತ ಹೇಳುವ ಧೈರ್ಯ ತಮಗಿಲ್ಲ ಅಂತ, ಬ್ಯಾಟರಿ ಆರಿಸಿದ ಮೇಲೆ ಹೇಳಿದರು.

ಐದನೇ ದಿನ: ಕೋಟೆ, ಹಿನ್ನೀರು, ಮನೆ

ನಗರದ ಕೋಟೆಯ ಮೇಲೆ ನಿಂತಾಗ ಹಿಂದಿನ ನಾಲ್ಕು ದಿನದ ದಾರಿ ಕೂಡಿಕೊಂಡಿತು. ಇದು ಬಿದನೂರು, ಕೆಳದಿ ಅರಸರ ಕೊನೆಯ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಹೈದರ್‌ನಗರ, ಆಮೇಲೆ ಬರೀ ನಗರ. ಇಷ್ಟು ಮಳೆ, ಇಷ್ಟು ಕಾಡಿನ ನಡುವೆ ರಾಜಧಾನಿ ಯಾಕೆ ಅಂತ ಶಾಲೆಯಲ್ಲಿ ಓದುವಾಗ ತಿಳಿದಿರಲಿಲ್ಲ. ಮಲೆನಾಡಿನ ಮೆಣಸು, ಅಕ್ಕಿ ಕುಂದಾಪುರದ ಬಳಿಯ ಬಸರೂರು ಬಂದರಿಗೆ ಇಳಿಯಬೇಕಿತ್ತು. ಇಳಿಯುವ ಬಾಗಿಲ ಹತ್ತಿರವೇ ಅವರು ಕೂತಿದ್ದರು. ಎತ್ತಿನ ಹೇರು ಹತ್ತಿ ಇಳಿದ ಘಟ್ಟಗಳ ಪಕ್ಕದಲ್ಲೇ ನಾವೂ ತುಳಿದು ಬಂದಿದ್ದೆವು. ಕೋಟೆಯ ಹುಲ್ಲು ತುಂಬ ಇಬ್ಬನಿ. ನಮ್ಮಿಬ್ಬರನ್ನು ಬಿಟ್ಟರೆ ಅಲ್ಲಿದ್ದದ್ದು ಮೇಯುವ ಎರಡು ಎಮ್ಮೆ.

ಹೊಸನಗರದ ಹತ್ತಿರ ಶರಾವತಿಯ ಹಿನ್ನೀರು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಹೊಳೆ, ತುಂಗೆಯ ಹಾಗೆ ಪೂರ್ವಕ್ಕೆ ಹೋಗದೆ ಜೋಗದಲ್ಲಿ ಧುಮುಕಿ ಪಡುವಣಕ್ಕೆ ಹೋಗುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಆದ ಮೇಲೆ ಅದರ ನೀರು ಇಲ್ಲಿಯವರೆಗೂ ಒತ್ತಿ ನಿಲ್ಲುತ್ತದೆ. ಚಾ ಅಂಗಡಿಯಲ್ಲಿ ಕೂತ ಹಿರಿಯರೊಬ್ಬರು ನಮ್ಮ ಸೈಕಲ್ ನೋಡಿ ಮಾತಿಗೆ ಬಂದರು. ಹುಟ್ಟಿದ ಮನೆ ಆ ನೀರಿನ ಕೆಳಗಿದೆಯಂತೆ. “ಬೇಸಿಗೇಲಿ ನೀರಿಳಿದ್ರೆ ನಮ್ಮೂರಿನ ರಸ್ತೆ ಕಾಣ್ತದೆ. ಹೋಗಿ ಅದರ ಮೇಲೆ ನಡೆದು ಬರ್ತೀನಿ.” ಮುಳುಗಡೆಗೆ ಬದಲಾಗಿ ಸಿಕ್ಕ ಜಮೀನಿನ ಹಕ್ಕುಪತ್ರಕ್ಕೆ ಈಗಲೂ ಓಡಾಡುತ್ತಿದ್ದಾರೆ. ನಾಡಿಗೆ ಕರೆಂಟು ಕೊಟ್ಟವರಿಗೆ ಅರವತ್ತು ವರ್ಷವಾದರೂ ಒಂದು ಕಾಗದ ಕೊಡಲಾಗಿಲ್ಲ. ಚಾ ದುಡ್ಡನ್ನು ಅವರೇ ಕೊಟ್ಟರು, ಎಷ್ಟು ಹೇಳಿದರೂ ಕೇಳಲಿಲ್ಲ.

ರಿಪ್ಪನ್‌ಪೇಟೆ, ಅರಸಾಳು, ಆಯನೂರು ಬೇಗ ಬೇಗ ಕಳೆದವು. ಕಾಡು ತೆಳ್ಳಗಾಗಿ ಜೋಳದ ಹೊಲ ಬಂತು, ಗಾಳಿ ಒಣಗಿತು. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು.

ಮಾರನೇ ಬೆಳಿಗ್ಗೆ ಎರಡೂ ಸೈಕಲ್ ಹಿತ್ತಿಲಿನಲ್ಲಿ ತೊಳೆದೆ. ಕಡಲ ಪಕ್ಕ ಓಡಿದ್ದನ್ನು ತೊಳೆಯದೆ ಇಟ್ಟರೆ ವಾರದಲ್ಲಿ ಚೈನು ತುಕ್ಕು ಹಿಡಿಯುತ್ತದೆ. ಬಕೆಟ್ಟಿನ ತಳದಲ್ಲಿ ಮರವಂತೆಯ ಮರಳು, ಅದರ ಮೇಲೆ ನಗರದ ಕೆಂಪು ಮಣ್ಣು. ಆ ನೀರನ್ನು ಗಿಡದ ಬುಡಕ್ಕೆ ಹೊಯ್ಯಲು ಎತ್ತಿದ್ದೆ, ಹೆಂಡತಿ ಅಡುಗೆಮನೆ ಕಿಟಕಿಯಿಂದ ಕೂಗಿದಳು:

“ದಾಸವಾಳಕ್ಕೆ ಹಾಕ್ಬೇಡಿ ರೀ, ಉಪ್ಪಿದೆ ಅದ್ರಲ್ಲಿ.”